ಕಥೆ ಬರೆಯುವ ಗೆರೆ

ಕಳೆದ ವಾರ ಈ ಪುಟಕ್ಕೆ ಬಂದ ಅಂಚೆಯಲ್ಲಿ ಎಂದಿನಂತೆ ಕವಿತೆಗಳಿದ್ದುವು, ಕಥೆಗಳಿದ್ದುವು. ಅವುಗಳ ನಡುವೆ ನೂರು ಪುಟದ ಒಂದು ಶಾಲಾ ನೋಟುಪುಸ್ತಕವೂ ಇತ್ತು. ತಾಲ್ಲೂಕು ಕೇಂದ್ರವೊಂದರ ಪ್ರೌಢಶಾಲೆಯ ಕನ್ನಡ ಉಪಾಧ್ಯಾಯಿನಿಯೊಬ್ಬರು ಅದನ್ನು ಕಳುಹಿಸಿದ್ದರು. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಅದರ ಮೂವತ್ತೆರಡು ಪುಟಗಳಲ್ಲಿ ನೀಲಿ ಬಾಲ್‌ಪೆನ್ನಿನಿಂದ ತನ್ನ ತಾಯಿಯ ಒಂದು ವಾರದ ಬದುಕನ್ನು ಚಿತ್ರಗಳಲ್ಲಿ ಬರೆದಿದ್ದಾಳೆ. ತಾಯಿ ಸಿದ್ಧ ಉಡುಪಿನ ಕಾರ್ಖಾನೆಗೆ ದುಡಿಯಲು ಹೋಗುವವಳು. ಬೆಳಕು ಹರಿಯುವ ಮುನ್ನ ಬಸ್ಸು ಹತ್ತಿ, ಕತ್ತಲಾದ ಮೇಲೆ ಮನೆ ಸೇರುವವಳು. ಮಾತು ಅಲ್ಲೊಂದು ಇಲ್ಲೊಂದು. ಮನುಷ್ಯರ ಕೈಗಳು ಉದ್ದವಾಗಿವೆ, ಬಸ್ಸಿನ ಚಕ್ರಗಳು ಮೊಟ್ಟೆಯಾಕಾರ ತಳೆದಿವೆ. ಆದರೂ ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಓದಿದೆ.

ಉಪಾಧ್ಯಾಯಿನಿಯವರ ಕಾಗದದಿಂದ ತಿಳಿದುಬಂದದ್ದಿಷ್ಟು. ಇರಾನಿನ ಮರ್ಜಾನೆ ಸತ್ರಾಪಿಯವರ 'ಪರ್ಸೆಪೊಲಿಸ್' ಎಂಬ ಚಿತ್ರಕಾದಂಬರಿಯ ಇಂಗ್ಲಿಷ್ ಪ್ರತಿಯೊಂದು ಅವರ ಬಳಿ ಇತ್ತು. ಅದರ ಮೊದಲ ಭಾಗವನ್ನು ಈ ಹುಡುಗಿಗೆ ತೋರಿಸಿದರು. ಅವಳ ಇಂಗ್ಲಿಷು ಅಷ್ಟಕ್ಕಷ್ಟೆ. ಚಿತ್ರಗಳ ಕೈ ಹಿಡಿದು ಕಥೆಯನ್ನು ತಿಳಿದುಕೊಂಡಳು. ಹದಿನೈದು ದಿನಗಳ ಬಳಿಕ ಈ ನೋಟುಪುಸ್ತಕ ಅವರ ಮೇಜಿನ ಮೇಲಿತ್ತು. ಕಾಗದದ ಕೊನೆಯಲ್ಲಿ ಒಂದು ಪ್ರಶ್ನೆಯಿದೆ: "ಪರೀಕ್ಷೆಯ ಹೊತ್ತಿನಲ್ಲಿ ಓದನ್ನು ಬದಿಗಿಟ್ಟು ಇದನ್ನು ಮಾಡಿದ್ದಾಳೆ. ಇದು ಸಾಹಿತ್ಯವೆಂದು ತಾವು ಹೇಳಿದರೆ ಬೆನ್ನು ತಟ್ಟುತ್ತೇನೆ. ಅಲ್ಲವೆಂದರೆ ಬುದ್ಧಿ ಹೇಳುತ್ತೇನೆ. ಯಾವುದನ್ನು ಮಾಡಲಿ?"

ಈ ಪ್ರಶ್ನೆಗೆ ಉತ್ತರ ಹೇಳುವ ಮೊದಲು ನನ್ನದೊಂದು ತಪ್ಪನ್ನು ವಾಚಕರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಈ ಪುಟದ ಹೊಣೆ ಹೊರುವುದಕ್ಕೆ ಮುಂಚೆ ನಾನೂ ಉಪಾಧ್ಯಾಯನಾಗಿದ್ದೆ. 1987ರಲ್ಲಿ, ನಾನು ಹಳಗನ್ನಡ ಪದ್ಯವೊಂದಕ್ಕೆ ಅನ್ವಯ ಹೇಳುತ್ತಿದ್ದಾಗ, ಹಿಂದಿನ ಬೆಂಚಿನ ಹುಡುಗನೊಬ್ಬ ತಲೆಯೆತ್ತದೆ ಏನನ್ನೋ ಗೀಚುತ್ತಿದ್ದುದು ಕಣ್ಣಿಗೆ ಬಿತ್ತು. ಹೋಗಿ ಪುಸ್ತಕವನ್ನು ಕಿತ್ತುಕೊಂಡೆ. ಚೌಕಚೌಕವಾಗಿ ಗೆರೆ ಹಾಕಿ, ಅವನ ತಂದೆಯ ಸೈಕಲ್ ರಿಪೇರಿ ಅಂಗಡಿಯನ್ನೂ ಅಲ್ಲಿಗೆ ಬರುವ ಜನರನ್ನೂ ಬರೆದಿದ್ದ. ನಾನು ಅದನ್ನು ಓದಲಿಲ್ಲ. ಉಪಾಧ್ಯಾಯರ ಕೊಠಡಿಯ ಬೀರುವಿಗೆ ಹಾಕಿದೆ. ವರ್ಷದ ಕೊನೆಯಲ್ಲಿ ಹುಡುಗ ಬಂದು, "ಸಾರ್, ನನ್ನ ಪುಸ್ತಕ" ಎಂದು ಬಾಗಿಲಲ್ಲಿ ನಿಂತ. ಹುಡುಕಿದೆ. ಹಳೆಯ ಉತ್ತರಪತ್ರಿಕೆಗಳ ಜೊತೆಯಲ್ಲಿ ಅದೂ ರದ್ದಿಗೆ ಹೋಗಿತ್ತು. "ಹೋಗಲಿ ಬಿಡಿ ಸಾರ್" ಎಂದು ಹೊರಟುಹೋದ. ಆಗ ಅದು ನನಗೆ ದೊಡ್ಡ ವಿಷಯವೆನ್ನಿಸಲಿಲ್ಲ. ದೊಡ್ಡದೆಂದು ಅರಿವಾದದ್ದು ಹಲವು ವರ್ಷಗಳ ಮೇಲೆ, ಅಮೆರಿಕದ ಆರ್ಟ್ ಸ್ಪೀಗಲ್‌ಮನ್ ಅವರ 'ಮೌಸ್' ಓದಿದಾಗ. ಅದರಲ್ಲಿ ಒಂದು ಸಂದರ್ಭ ಬರುತ್ತದೆ. ಹಿಟ್ಲರನ ಕಾಲದ ಯಾತನಾಶಿಬಿರದಿಂದ ಬದುಕಿ ಬಂದ ತಾಯಿ, ತನ್ನ ಬಾಳಿನ ಕಥೆಯನ್ನು ನೋಟುಪುಸ್ತಕಗಳಲ್ಲಿ ಬರೆದಿಟ್ಟಿದ್ದಳು. ಅವಳು ತೀರಿಕೊಂಡ ಮೇಲೆ ತಂದೆ ಅವನ್ನು ಸುಟ್ಟುಹಾಕಿದ್ದ. ಅದು ತಿಳಿದಾಗ ಮಗನಿಗೆ ಬರುವ ಸಿಟ್ಟನ್ನು ಓದುತ್ತ, ರದ್ದಿಗೆ ಹೋದ ಆ ಪುಸ್ತಕ ನನ್ನ ಕಣ್ಣ ಮುಂದೆ ಬಂದಿತು.

ಆದ್ದರಿಂದ ಈ ಭಾನುವಾರದ ಮಾತು ಚಿತ್ರಕಾದಂಬರಿಯನ್ನು ಕುರಿತದ್ದು. ವಿಶೇಷವಾಗಿ, ಅದನ್ನು ಓದಿದವರು ತಾವೂ ಒಂದನ್ನು ಬರೆಯಲು ಕೂರುವುದನ್ನು ಕುರಿತದ್ದು. ಇಂಗ್ಲಿಷಿನಲ್ಲಿ ಗ್ರಾಫಿಕ್ ನಾವೆಲ್ ಎಂದು ಕರೆಯುವ ಈ ಪ್ರಕಾರಕ್ಕೆ ಚಿತ್ರಕಾದಂಬರಿ ಎಂಬ ಹೆಸರು ಒಪ್ಪುತ್ತದೆ. ಕನ್ನಡದವರಾದ ನಮಗೆ ಇಲ್ಲಿ ಒಂದು ಅನುಕೂಲವೂ ಉಂಟು. ನಾವು ಕಾಗದ ಬರೆಯುತ್ತೇವೆ, ಕಥೆ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಅಕ್ಷರಕ್ಕೂ ಚಿತ್ರಕ್ಕೂ ನಮ್ಮ ನುಡಿ ಒಂದೇ ಕ್ರಿಯಾಪದವನ್ನು ಇಟ್ಟುಕೊಂಡಿದೆ. ಹೀಗಿದ್ದೂ ಶಾಲೆಯಲ್ಲಿ ಒಂದನ್ನು ಕನ್ನಡದ ಅವಧಿಗೂ ಇನ್ನೊಂದನ್ನು ಡ್ರಾಯಿಂಗ್ ಅವಧಿಗೂ ಹಂಚಿ, ನಡುವೆ ಗೋಡೆ ಕಟ್ಟಿದವರು ನಾವೇ.

ಈ ಪ್ರಕಾರದ ಚರಿತ್ರೆಯನ್ನು ನೋಡಿದರೆ, ಒಂದು ಪುಸ್ತಕ ಇನ್ನೊಬ್ಬ ಬರಹಗಾರನನ್ನು ಎಬ್ಬಿಸಿದ ಕಥೆಗಳೇ ಸಾಲಾಗಿ ನಿಂತಿವೆ. ಬೆಲ್ಜಿಯಮ್ಮಿನ ಫ್ರಾನ್ಸ್ ಮಾಸೆರೀಲ್ ಎಂಬ ಕಲಾವಿದ 1919ರಲ್ಲಿ ಮರದ ಅಚ್ಚಿನಿಂದ ತೆಗೆದ 167 ಚಿತ್ರಗಳ ಒಂದು ಪುಸ್ತಕವನ್ನು ಪ್ರಕಟಿಸಿದ. ಒಬ್ಬ ಸಾಮಾನ್ಯ ಮನುಷ್ಯ ನಗರಕ್ಕೆ ಬಂದಿಳಿದು ಬಾಳಿ ಅಳಿಯುವ ಕಥೆ. ಒಂದು ಮಾತೂ ಇಲ್ಲ. ಮುಂದೆ ಜರ್ಮನಿಯ ಲೈಪ್‌ಸಿಗ್ ನಗರದಲ್ಲಿ ಕಲೆಯನ್ನು ಅಭ್ಯಾಸ ಮಾಡುತ್ತಿದ್ದ ಲಿಂಡ್ ವಾರ್ಡ್ ಎಂಬ ಅಮೆರಿಕದ ತರುಣನಿಗೆ ಮಾಸೆರೀಲನ ಇಂಥದೇ ಮತ್ತೊಂದು ಪುಸ್ತಕ ಸಿಕ್ಕಿತು. ತರುಣ ಊರಿಗೆ ಮರಳಿ, 1929ರಲ್ಲಿ, 139 ಚಿತ್ರಗಳ 'ಗಾಡ್ಸ್ ಮ್ಯಾನ್' ಎಂಬ ಮೌನಕಾದಂಬರಿಯನ್ನು ಹೊರತಂದ. ನ್ಯೂಯಾರ್ಕಿನ ಷೇರುಪೇಟೆ ಕುಸಿದ ಅದೇ ಅಕ್ಟೋಬರ್ ತಿಂಗಳಲ್ಲಿ ಅದು ಅಂಗಡಿಗೆ ಬಂದಿತು. ವಾರ್ಡನ ಪುಸ್ತಕಗಳನ್ನು ಎಳೆಯ ವಯಸ್ಸಿನಲ್ಲಿ ಕಂಡು ಮರೆಯದೆ ಉಳಿದವನು ವಿಲ್ ಐಸ್ನರ್. ಪತ್ರಿಕೆಗಳಿಗೆ ಚಿತ್ರಕಥೆ ಬರೆದು ಬದುಕಿದ ಈತ, ಅರುವತ್ತನ್ನು ಮುಟ್ಟಿದ ಮೇಲೆ, 1978ರಲ್ಲಿ 'ಎ ಕಾಂಟ್ರಾಕ್ಟ್ ವಿತ್ ಗಾಡ್' ಎಂಬ ಕೃತಿಯನ್ನು ಪ್ರಕಟಿಸಿದ. ಸಾಕುಮಗಳನ್ನು ಕಳೆದುಕೊಂಡವನೊಬ್ಬ ದೇವರೊಡನೆ ಜಗಳಕ್ಕೆ ನಿಲ್ಲುವ ಕಥೆ ಅದರಲ್ಲಿದೆ. ಐಸ್ನರನ ಸ್ವಂತ ಮಗಳು ಹದಿನಾರನೆಯ ವಯಸ್ಸಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದಳು. ಆ ದುಃಖವೇ ಕಥೆಯ ಮೂಲವೆಂಬುದನ್ನು ಅವನು ಬಹುಕಾಲದ ಮೇಲೆ ಹೇಳಿಕೊಂಡ.

ಇನ್ನೊಂದು ಸಾಲು ಇನ್ನೂ ಹತ್ತಿರದ್ದು. 1972ರಲ್ಲಿ ಜಸ್ಟಿನ್ ಗ್ರೀನ್ ಎಂಬ ಅಮೆರಿಕದ ಚಿತ್ರಕಾರ, ಬಾಲ್ಯದಲ್ಲಿ ತನ್ನ ಮನಸ್ಸನ್ನು ಕಾಡಿದ ಪಾಪಭೀತಿಯನ್ನು ಯಾವ ಮುಚ್ಚುಮರೆಯೂ ಇಲ್ಲದೆ ಚಿತ್ರಕಥೆಯಾಗಿ ಬರೆದ. ಆ ಪುಸ್ತಕ ಇಲ್ಲದಿದ್ದರೆ 'ಮೌಸ್' ಇರುತ್ತಿರಲಿಲ್ಲವೆಂದು ಸ್ಪೀಗಲ್‌ಮನ್ ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾರೆ. 'ಮೌಸ್' ಮೊದಲು 1972ರಲ್ಲಿ ಮೂರೇ ಪುಟದ ಕಥೆಯಾಗಿತ್ತು. 1986ರಲ್ಲಿ ಮೊದಲ ಸಂಪುಟವಾಗಿ, 1991ರಲ್ಲಿ ಎರಡನೆಯ ಸಂಪುಟವಾಗಿ ಬೆಳೆಯಿತು. 1992ರಲ್ಲಿ ಅದಕ್ಕೆ ವಿಶೇಷ ಪುಲಿಟ್ಜರ್ ಬಹುಮಾನ ಬಂದಿತು. ಅಲ್ಲಿ ಯೆಹೂದಿಗಳು ಇಲಿಗಳು, ಜರ್ಮನರು ಬೆಕ್ಕುಗಳು. ಮುದುಕ ತಂದೆ ಮನೆಯೊಳಗಿನ ವ್ಯಾಯಾಮದ ಸೈಕಲ್ಲನ್ನು ತುಳಿಯುತ್ತ ಹಳೆಯ ಕಥೆ ಹೇಳಲು ತೊಡಗುತ್ತಾನೆ. ಅವನ ತೋಳಿನ ಮೇಲೆ ಶಿಬಿರದಲ್ಲಿ ಹಚ್ಚೆ ಹಾಕಿದ ಅಂಕಿ ಕಾಣುತ್ತದೆ. ಇರಾನಿನಿಂದ 1994ರಲ್ಲಿ ಫ್ರಾನ್ಸಿಗೆ ಬಂದ ಸತ್ರಾಪಿಯವರ ಕೈಗೆ ಈ ಪುಸ್ತಕ ಸಿಕ್ಕಿತು. ಇಂಥ ಕಥೆಯನ್ನು ಹೀಗೂ ಹೇಳಬಹುದೆಂದು ಅದರಿಂದ ತಿಳಿಯಿತೆಂಬುದು ಅವರದೇ ಮಾತು. 2000 ಮತ್ತು 2003ರ ನಡುವೆ 'ಪರ್ಸೆಪೊಲಿಸ್' ನಾಲ್ಕು ಭಾಗಗಳಲ್ಲಿ ಫ್ರೆಂಚಿನಲ್ಲಿ ಪ್ರಕಟವಾಯಿತು. ಅದು ಈಗ ಕರ್ನಾಟಕದ ಒಂದು ತಾಲ್ಲೂಕಿನ ಹುಡುಗಿಯ ಕೈಯಲ್ಲಿ ನೀಲಿ ಬಾಲ್‌ಪೆನ್ನು ಹಿಡಿಸಿದೆ.

ಈ ಸಾಲಿನಲ್ಲಿ ಒಬ್ಬರು ಇನ್ನೊಬ್ಬರಿಂದ ಪಡೆದದ್ದೇನು ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಸತ್ರಾಪಿಯವರ ಪುಸ್ತಕದಲ್ಲಿ ಇಲಿಯೂ ಇಲ್ಲ, ಬೆಕ್ಕೂ ಇಲ್ಲ. ಅಲ್ಲಿ ದಟ್ಟವಾದ ಕಪ್ಪು, ಬರಿಯ ಬಿಳಿ, ಮಕ್ಕಳ ಪುಸ್ತಕದಲ್ಲಿರುವಂಥ ಸರಳ ಮುಖಗಳು. ಸ್ಪೀಗಲ್‌ಮನ್ನರ ಗೆರೆಯನ್ನು ಅವರು ಎರವಲು ತೆಗೆದುಕೊಳ್ಳಲಿಲ್ಲ. ತಮ್ಮ ಮನೆಯ ಕಥೆಯೂ ಚಿತ್ರಕ್ಕೆ ತಕ್ಕ ವಸ್ತುವೆಂಬ ಧೈರ್ಯವನ್ನು ತೆಗೆದುಕೊಂಡರು. ನಮ್ಮ ತರುಣರು ಕಳುಹಿಸುವ ಚಿತ್ರಕಥೆಗಳಲ್ಲಿ ಹೆಚ್ಚಿನವು ಸೋಲುವುದು ಈ ವ್ಯತ್ಯಾಸ ತಿಳಿಯದೆ. ಜಪಾನಿನ ಚಿತ್ರಪುಸ್ತಕಗಳ ಅಗಲ ಕಣ್ಣು, ಅಮೆರಿಕದ ವೀರರ ಉಬ್ಬಿದ ತೋಳು, ಇವು ಅಚ್ಚುಕಟ್ಟಾಗಿ ನಕಲಾಗಿರುತ್ತವೆ. ಬರೆದವನ ಬೀದಿಯಾಗಲಿ ಮನೆಯಾಗಲಿ ಎಲ್ಲಿಯೂ ಇರುವುದಿಲ್ಲ.

ಭಾರತದಲ್ಲಿಯೂ ದಾರಿ ತೋರಿದವರಿದ್ದಾರೆ. 1994ರಲ್ಲಿ ಒರಿಜಿತ್ ಸೇನ್ ಅವರ 'ರಿವರ್ ಆಫ್ ಸ್ಟೋರೀಸ್' ಪ್ರಕಟವಾಯಿತು. ನರ್ಮದಾ ಕಣಿವೆಯಲ್ಲಿ ಅಣೆಕಟ್ಟಿನಿಂದ ನೆಲೆ ಕಳೆದುಕೊಳ್ಳುವವರ ಹೋರಾಟವನ್ನೂ, ಆದಿವಾಸಿ ಹಾಡುಗಾರನೊಬ್ಬ ಹಾಡುವ ಸೃಷ್ಟಿಯ ಕಥೆಯನ್ನೂ ಒಂದರೊಳಗೊಂದು ಹೆಣೆದ ಈ ಕೃತಿಯನ್ನು ನಮ್ಮ ದೇಶದ ಮೊದಲ ಚಿತ್ರಕಾದಂಬರಿಯೆಂದು ಸಾಮಾನ್ಯವಾಗಿ ಎಣಿಸುತ್ತಾರೆ. 2011ರ 'ಭೀಮಾಯನ' ಅಂಬೇಡ್ಕರರು ಅನುಭವಿಸಿದ ಅಸ್ಪೃಶ್ಯತೆಯ ಕಥೆ. ಅದಕ್ಕೆ ಚಿತ್ರ ಬರೆದವರು ಪರಧಾನ್ ಗೊಂಡ ಸಮುದಾಯದ ದುರ್ಗಾಬಾಯಿ ವ್ಯಾಮ್ ಮತ್ತು ಸುಭಾಷ್ ವ್ಯಾಮ್ ದಂಪತಿಗಳು. ಮನುಷ್ಯರನ್ನು ಪೆಟ್ಟಿಗೆಯಂಥ ಚೌಕಗಳೊಳಗೆ ಕೂಡಿಹಾಕಲು ಅವರು ಒಪ್ಪಲಿಲ್ಲ. ತಮ್ಮ ಗೋಡೆ ನೆಲಗಳ ಮೇಲಿನ ಚಿತ್ತಾರವನ್ನೇ ಪುಟದಲ್ಲಿ ಹರಿಯಬಿಟ್ಟರು. ಮೃದುವಾದ ಮಾತುಗಳನ್ನು ಹಕ್ಕಿಯ ಆಕಾರದೊಳಗೆ ಬರೆದರು. ವಿಷದ ಮಾತುಗಳಿಗೆ ಚೇಳಿನ ಕೊಂಡಿಯನ್ನು ಇಟ್ಟರು. ಹೊರಗಿನಿಂದ ಬಂದ ಪ್ರಕಾರವೊಂದನ್ನು ತಮ್ಮ ಅಂಗಳಕ್ಕೆ ಒಗ್ಗಿಸಿಕೊಂಡ ಬಗೆ ಇದು.

ಇಷ್ಟು ಹೇಳುವಾಗ, "ಇದರಲ್ಲಿ ಹೊಸದೇನು? ನಮ್ಮ ಹೊಯ್ಸಳ ಶಿಲ್ಪಿಗಳು ಇದನ್ನು ಎಂದೋ ಮಾಡಿದ್ದರು" ಎನ್ನುವ ಹಿರಿಯರು ನೆನಪಾಗುತ್ತಾರೆ. ಅವರ ಮಾತಿನಲ್ಲಿ ನಿಜವಿದೆ. ತರೀಕೆರೆಯ ಸಮೀಪದ ಅಮೃತಾಪುರದಲ್ಲಿ, 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ಗೋಡೆಯ ಮೇಲೆ ರಾಮಾಯಣ, ಭಾಗವತ, ಭಾರತಗಳ ಕಥೆ 140 ಶಿಲ್ಪಫಲಕಗಳಲ್ಲಿ ಸಾಲಾಗಿ ಸಾಗುತ್ತದೆ. ಕಾರ್ಕಳದಲ್ಲಿ ಹುಟ್ಟಿದ ಅನಂತ ಪೈ ಅವರು 'ಅಮರ ಚಿತ್ರ ಕಥೆ'ಯ ಮೂಲಕ ಪುರಾಣ ಚರಿತ್ರೆಗಳನ್ನು ಮನೆಮನೆಗೆ ತಲಪಿಸಿದರೆಂಬುದೂ ನಮಗೆ ಹೆಮ್ಮೆಯ ವಿಷಯವೇ. ಆದರೆ ಹೆಮ್ಮೆಪಟ್ಟು ಸುಮ್ಮನಾದರೆ ಪುಸ್ತಕ ಹುಟ್ಟುವುದಿಲ್ಲ. ಆ ಫಲಕಗಳು ಎಲ್ಲರೂ ಬಲ್ಲ ಕಥೆಯನ್ನು ಹೇಳುತ್ತವೆ. ಗಾರ್ಮೆಂಟ್ಸಿಗೆ ಹೋಗುವ ತಾಯಿಯ ಕಥೆಯನ್ನು ಅವಳ ಮಗಳಲ್ಲದೆ ಬೇರೆ ಯಾರು ಬರೆಯಬೇಕು?

ಇನ್ನು ನನ್ನ ಸ್ವಂತ ಪ್ರಯೋಗದ ಮಾತು. ನಾನು ಹುಟ್ಟಿದ ಮಲೆನಾಡಿನ ಹಳ್ಳಿ ಈಗ ಇಲ್ಲ. 1964ರಲ್ಲಿ, ನನಗೆ ಆರು ವರ್ಷವಾಗಿದ್ದಾಗ, ಅಣೆಕಟ್ಟಿನ ನೀರು ಏರಿತು. ನಾವು ಊರು ಬಿಟ್ಟೆವು. ಒರಿಜಿತ್ ಸೇನ್ ಅವರ ಪುಸ್ತಕವನ್ನು ಓದಿ ಮುಗಿಸಿದ ರಾತ್ರಿ ನಿದ್ರೆ ಬರಲಿಲ್ಲ. ಎದ್ದು, ಹಾಳೆ ತೆಗೆದುಕೊಂಡು, ನಾವು ಹೊರಟ ದಿನವನ್ನು ಚಿತ್ರದಲ್ಲಿ ಬರೆಯಲು ಕುಳಿತೆ. ನನಗೆ ಚಿತ್ರ ಬರೆದು ಅಭ್ಯಾಸವಿಲ್ಲ. ಮನುಷ್ಯರು ಬೆಂಕಿಕಡ್ಡಿಗಳಂತೆ ನಿಂತರು. ಆದರೆ ನನ್ನನ್ನು ತಡೆದು ನಿಲ್ಲಿಸಿದ್ದು ಕೈಯ ಅಸಾಮರ್ಥ್ಯವಲ್ಲ. ಆ ದಿನವನ್ನು ಕುರಿತು ನಾನು ಹಿಂದೆ ಒಂದು ಪ್ರಬಂಧವನ್ನು ಬರೆದಿದ್ದೆ. ತಂದೆಯವರು ಕಿಟಕಿಯ ಬಳಿ ಮೌನವಾಗಿ ಕುಳಿತಿದ್ದರು ಎಂಬ ವಾಕ್ಯ ಅದರಲ್ಲಿತ್ತು. ಓದಿದವರು ಮೆಚ್ಚಿಕೊಂಡಿದ್ದರು. ಈಗ ಅದೇ ವಾಕ್ಯವನ್ನು ಚಿತ್ರವಾಗಿ ಬರೆಯಹೊರಟರೆ ಪ್ರಶ್ನೆಗಳ ಮೇಲೆ ಪ್ರಶ್ನೆ ಎದ್ದುವು. ಕಿಟಕಿ ಯಾವ ಗೋಡೆಯಲ್ಲಿತ್ತು? ಅವರು ಕುಳಿತದ್ದು ಮಣೆಯ ಮೇಲೋ ನೆಲದ ಮೇಲೋ? ಕೈಯಲ್ಲಿ ಏನಿತ್ತು? ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ.

ಬೆಳಗಾದ ಮೇಲೆ ಅಕ್ಕನಿಗೆ ಫೋನು ಮಾಡಿದೆ. ಅವಳು ನನಗಿಂತ ಎಂಟು ವರ್ಷ ದೊಡ್ಡವಳು. ನನ್ನ ಪ್ರಶ್ನೆ ಕೇಳಿ ನಕ್ಕಳು. "ಅಪ್ಪಯ್ಯ ಅವತ್ತು ಕೂತಿದ್ದೆಲ್ಲಿ ಮಾರಾಯ? ಬೆಳಿಗ್ಗೆಯಿಂದ ಬಾಗಿಲು ಕಳಚ್ತಾ ಇದ್ದ. ಹೊಸ ಜಾಗಕ್ಕೆ ಸಾಗಿಸ್ಬೇಕಿತ್ತಲ್ಲ. ದೇವರ ಕೋಣೆ ಬಾಗಿಲು ಎಷ್ಟು ಮಾಡಿದ್ರೂ ಬರ್ಲಿಲ್ಲ. ಅದನ್ನ ಅಲ್ಲೇ ಬಿಟ್ಟು ಬಂದ್ವಿ. ನೀನು ಬಿಚ್ಚಿದ ಮೊಳೆಗಳನ್ನ ಒಂದು ತಪ್ಪಲೆಗೆ ಹಾಕ್ತಾ ಇದ್ದೆ, ನೆನಪಿಲ್ವಾ?" ನೆನಪಿರಲಿಲ್ಲ. ಅವಳು ಹೇಳಿದ ಮೇಲೆ, ತಪ್ಪಲೆಯಲ್ಲಿ ಮೊಳೆ ಬಿದ್ದ ಸದ್ದು ಮಾತ್ರ ಎಲ್ಲಿಂದಲೋ ಕೇಳಿಬಂದಂತಾಯಿತು.

ನಾಡೆಲ್ಲ ಓದಿದ ನನ್ನ ವಾಕ್ಯ ಸುಳ್ಳಾಗಿತ್ತು. ಬೇಕೆಂದು ಹೇಳಿದ ಸುಳ್ಳಲ್ಲ. ಅಂಥ ದಿನದಲ್ಲಿ ತಂದೆಯೊಬ್ಬ ಹೇಗಿರಬೇಕೆಂದು ಪುಸ್ತಕಗಳಿಂದ ಕಲಿತಿದ್ದೆನೋ ಹಾಗೆ ಬರೆದಿದ್ದೆ. ಗದ್ಯ ಅದನ್ನು ಸಹಿಸಿಕೊಂಡಿತು. 'ಮೌನವಾಗಿ' ಎಂಬ ಒಂದು ಕ್ರಿಯಾವಿಶೇಷಣದ ಮರೆಯಲ್ಲಿ ನನ್ನ ಅಜ್ಞಾನ ಅಡಗಿ ಕುಳಿತಿತ್ತು. ಚಿತ್ರದಲ್ಲಿ ಹಾಗೆ ಅಡಗಲು ಬರುವುದಿಲ್ಲ. ಅಲ್ಲಿ ಕೈ ಎಲ್ಲಿಯಾದರೂ ಇರಲೇಬೇಕು, ಬಾಗಿಲು ಯಾವ ಕಡೆಗಾದರೂ ತೆರೆಯಲೇಬೇಕು. ಚಿತ್ರಕಾದಂಬರಿಯನ್ನು ಓದಿ ತಾನೂ ಒಂದನ್ನು ಬರೆಯಲು ಕುಳಿತವನಿಗೆ ಸಿಗುವ ಮೊದಲ ಲಾಭ ಇದೇ ಎಂದು ನನ್ನ ನಂಬಿಕೆ. ತನ್ನ ಬದುಕನ್ನು ತಾನು ಎಷ್ಟು ಕಡಿಮೆ ನೋಡಿದ್ದೇನೆಂಬುದು ಅವನಿಗೆ ಗೊತ್ತಾಗುತ್ತದೆ. ಮತ್ತೆ ನೋಡಲು, ಬಲ್ಲವರನ್ನು ಕೇಳಲು, ಅವನು ಎದ್ದು ಹೋಗುತ್ತಾನೆ.

ಹೇಳಿದ ಮಾತಿನಂತೆ ಚಿತ್ರವನ್ನು ತಯಾರಿಸಿಕೊಡುವ ಯಂತ್ರಗಳು ಈಗ ಬಂದಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಕಿಟಕಿಯ ಬಳಿ ಮೌನವಾಗಿ ಕುಳಿತ ತಂದೆಯೊಬ್ಬ ಬೇಕೆಂದರೆ ಅವು ಕ್ಷಣದಲ್ಲಿ ಕೊಡುತ್ತವೆ. ನನ್ನ ಕಡ್ಡಿಮನುಷ್ಯನಿಗಿಂತ ಸಾವಿರ ಪಾಲು ಸೊಗಸಾಗಿಯೇ ಕೊಡುತ್ತವೆ. ಆದರೆ ಅಕ್ಕನಿಗೆ ಫೋನು ಮಾಡುವ ಪ್ರಮೇಯವೇ ಆಗ ಬರುತ್ತಿರಲಿಲ್ಲ. ನನ್ನ ಸುಳ್ಳು ಇನ್ನಷ್ಟು ಅಂದವಾಗಿ ಉಳಿದುಬಿಡುತ್ತಿತ್ತು.

ಬರೆಯಬೇಕೆನ್ನುವ ವಿದ್ಯಾರ್ಥಿಗಳಿಗೆ ನಾಲ್ಕು ಮಾತು. ದುಬಾರಿಯ ಸಲಕರಣೆಗಾಗಿ ಕಾಯಬೇಡಿ. ಸ್ಪೀಗಲ್‌ಮನ್ 'ಮೌಸ್' ಬರೆದದ್ದು ಸಾಮಾನ್ಯ ಕಾಗದದ ಮೇಲೆ, ಫೌಂಟನ್ ಪೆನ್ನಿನಿಂದ, ಮುದ್ರಣದಲ್ಲಿ ಕಾಣುವ ಅಳತೆಯಲ್ಲಿಯೇ. ಕೈಬರಹದ ದಿನಚರಿಯಂತೆ ಅದು ಓದುಗನನ್ನು ಮುಟ್ಟಲೆಂದು. ಇನ್ನೂರು ಪುಟದ ಯೋಜನೆಯಿಂದ ಆರಂಭಿಸಬೇಡಿ. ಅವರ ಆರಂಭ ಮೂರು ಪುಟ. ಚಿತ್ರ ಹೇಳಿದ್ದನ್ನು ಮಾತಿನಲ್ಲಿ ಮತ್ತೆ ಹೇಳಬೇಡಿ. ಮಳೆಯನ್ನು ಬರೆದು ಕೆಳಗೆ 'ಮಳೆ ಸುರಿಯುತ್ತಿತ್ತು' ಎನ್ನುವುದು ಓದುಗನ ಕಣ್ಣನ್ನು ಅವಮಾನಿಸಿದಂತೆ. ಒಂದು ಚೌಕಕ್ಕೂ ಮುಂದಿನ ಚೌಕಕ್ಕೂ ನಡುವಣ ಬಿಳಿಯ ಜಾಗದಲ್ಲಿ ಓದುಗನ ಕಲ್ಪನೆ ಕೆಲಸ ಮಾಡುತ್ತದೆಂಬುದನ್ನು ಸ್ಕಾಟ್ ಮೆಕ್‌ಕ್ಲೌಡ್ 1993ರ 'ಅಂಡರ್‌ಸ್ಟ್ಯಾಂಡಿಂಗ್ ಕಾಮಿಕ್ಸ್' ಎಂಬ ಪುಸ್ತಕದಲ್ಲಿ ಚಿತ್ರಕಥೆಯ ರೂಪದಲ್ಲಿಯೇ ವಿವರಿಸಿದ್ದಾರೆ. ಎತ್ತಿದ ಕೊಡಲಿಯನ್ನು ತೋರಿಸಿ, ಮುಂದಿನ ಚೌಕದಲ್ಲಿ ಬಯಲನ್ನು ತೋರಿಸಿದರೆ, ಮರವನ್ನು ಕಡಿದವನು ಓದುಗನೇ. ಆ ಬಿಳಿಯ ಜಾಗಕ್ಕೆ ಏನನ್ನು ಬಿಡಬೇಕೆಂಬ ವಿವೇಕವೇ ಈ ಕಲೆಯ ಅರ್ಧ ಭಾಗ.

ಉಪಾಧ್ಯಾಯ ಮಿತ್ರರಿಗೆ ಹೇಳುವುದು ಕಡಿಮೆ. ಪಾಠದ ವೇಳೆಯಲ್ಲಿ ಗೀಚುವವನನ್ನು ಗದರಬೇಡಿ ಎನ್ನಲಾರೆ. ತರಗತಿಯ ಕಷ್ಟ ನನಗೂ ಗೊತ್ತು. ಪುಸ್ತಕವನ್ನು ತೆಗೆದುಕೊಂಡರೆ ಓದಿ, ಮತ್ತು ಹಿಂದಕ್ಕೆ ಕೊಡಿ. ಚಿತ್ರವೆಂದರೆ ಹಗುರವೆಂದು ಭಾವಿಸುವವರು ಒಂದು ಸಂಗತಿಯನ್ನು ನೆನೆಯಬಹುದು. 2022ರ ಜನವರಿಯಲ್ಲಿ ಅಮೆರಿಕದ ಟೆನೆಸಿ ರಾಜ್ಯದ ಒಂದು ಶಾಲಾಮಂಡಳಿ 'ಮೌಸ್' ಅನ್ನು ಎಂಟನೆಯ ತರಗತಿಯ ಪಾಠಕ್ರಮದಿಂದ ತೆಗೆದುಹಾಕಿತು. ಮಕ್ಕಳಾಟದ ಪುಸ್ತಕಕ್ಕೆ ಯಾರೂ ಅಷ್ಟು ಹೆದರುವುದಿಲ್ಲ.

ಈಗ ನೋಟುಪುಸ್ತಕಕ್ಕೆ ಮರಳುತ್ತೇನೆ. ಎರಡನೆಯ ಸಲ ತಿರುವಿ ಹಾಕುವಾಗ ನನಗೆ ಕಂಡದ್ದನ್ನು ಹೇಳಬೇಕು. ಮೂವತ್ತೊಂದು ಪುಟಗಳಲ್ಲಿ ಆ ತಾಯಿ ಎಲ್ಲಿಯೂ ಬಿಸಿಲಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಹೊರಡುವಾಗ ಬೀದಿದೀಪ, ಬಸ್ಸಿನೊಳಗೆ ಒಂದು ಮಂಕು ಬಲ್ಬು, ಹೊಲಿಗೆ ಯಂತ್ರದ ಮೇಲೆ ಟ್ಯೂಬ್‌ಲೈಟು, ಮರಳುವಾಗ ಮತ್ತೆ ಬೀದಿದೀಪ. ಕೊನೆಯ ಪುಟದಲ್ಲಿ ಭಾನುವಾರ. ತಾಯಿ ಒಗೆಯುವ ಕಲ್ಲಿನ ಬಳಿ ನಿಂತಿದ್ದಾಳೆ. ಮೊದಲ ಸಲ ಅವಳ ನೆರಳು ನೆಲದ ಮೇಲೆ ಬಿದ್ದಿದೆ. ಇದನ್ನು ಕುರಿತು ಹುಡುಗಿ ಒಂದು ಮಾತನ್ನೂ ಬರೆದಿಲ್ಲ. ಬರೆಯುವಾಗ ಅವಳಿಗೆ ಅದು ಗೊತ್ತಿತ್ತೋ ಇಲ್ಲವೋ, ಅವಳ ಗೆರೆಗೆ ಗೊತ್ತಿತ್ತು.

ಇದು ಸಾಹಿತ್ಯವೇ, ಅಮ್ಮಾ. ಬೆನ್ನು ತಟ್ಟಿ, ಪರೀಕ್ಷೆಗೆ ಓದಿಕೊಳ್ಳಲು ಬುದ್ಧಿಯನ್ನೂ ಹೇಳಿ. ಮುಂದಿನ ಭಾನುವಾರ ಆ ಕೊನೆಯ ಪುಟವನ್ನು ಇಲ್ಲಿ ಅಚ್ಚು ಹಾಕಬೇಕೆಂದಿದ್ದೇನೆ. ಹುಡುಗಿಯನ್ನೂ ಅವಳ ತಾಯಿಯನ್ನೂ ಕೇಳಿ ಒಪ್ಪಿಗೆಯನ್ನು ತಿಳಿಸಬೇಕು. ನೋಟುಪುಸ್ತಕವನ್ನು ಅಂಚೆಯಲ್ಲಿ ನಿನ್ನೆಯೇ ಹಿಂದಕ್ಕೆ ಕಳುಹಿಸಿದ್ದೇನೆ. ತಲಪಿದ ಕೂಡಲೇ ಒಂದು ಸಾಲು ಬರೆಯಿರಿ. ಅಲ್ಲಿಯವರೆಗೆ ನನಗೆ ಸಮಾಧಾನವಿರದು.